ಗಾಡಿ ಬದಲಿಸುವ ಮುನ್ನ

ಧಾರವಾಡದಲ್ಲಿರುವ ನಮ್ಮ ಅಕ್ಕನವರೂ ಭಾವನವರೂ ಬರುವ ಬೇಸಿಗೆಯಲ್ಲಿ ಲಂಡನ್ನಿಗೆ ಹೊರಟಿದ್ದಾರೆ. ಅಲ್ಲಿ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿ, ಹದಿನೈದು ದಿನಗಳ ಬಳಿಕ ಮತ್ತೆ ಲಂಡನ್ನಿಗೆ ಮರಳಿ ಊರು ಸೇರುವುದು ಅವರ ಸಂಕಲ್ಪ. ವಿಮಾನದಲ್ಲಾದರೆ ಲಂಡನ್ನಿನಿಂದ ಜ್ಯೂರಿಕ್ ಎರಡು ಗಂಟೆಯೊಳಗಿನ ಹಾದಿ. ಆದರೆ ಭಾವನವರು ಮೂವತ್ತಾರು ವರ್ಷ ರೈಲ್ವೆಯಲ್ಲಿ ದುಡಿದವರು. ಸಮುದ್ರದ ಕೆಳಗೆ ಹಾಯ್ದು ಹೋಗುವ ಗಾಡಿಯಲ್ಲಿ ಒಮ್ಮೆ ಕುಳಿತುಕೊಳ್ಳದೆ ಈ ಜನ್ಮ ಮುಗಿಯಬಾರದೆಂಬುದು ಅವರ ಬಹುದಿನದ ಹಂಬಲ. ಅಕ್ಕನವರಿಗೆ ಮೊಣಕಾಲು ನೋವು. ಗಂಡನ ಹಂಬಲಕ್ಕೆ ಅವರೆಂದೂ ಅಡ್ಡಿಯಾದವರಲ್ಲ.

ಭಾವನವರು ಗೆರೆ ಹಾಕಿದ ಕಾಗದದ ಮೇಲೆ ಪೆನ್ಸಿಲಿನಿಂದ ವೇಳಾಪಟ್ಟಿ ಬರೆದು ನನಗೆ ಕಳುಹಿಸಿಕೊಟ್ಟರು. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಲಂಡನ್ ಬಿಡುವ ಹೊತ್ತು, ಪ್ಯಾರಿಸ್ ಸೇರುವ ಹೊತ್ತು, ಪ್ಯಾರಿಸ್ ಬಿಡುವ ಹೊತ್ತು, ಜ್ಯೂರಿಕ್ ಮುಟ್ಟುವ ಹೊತ್ತು. ಪ್ಯಾರಿಸ್ಸಿನಲ್ಲಿ ಗಾಡಿ ಬದಲಿಸಲು ಅವರು ಇರಿಸಿದ್ದ ಸಮಯ 55 ನಿಮಿಷ. ಮರಳುವಾಗಲೂ ಅಷ್ಟೇ. ದೂರವಾಣಿಯಲ್ಲಿ ನಾನು ಅನುಮಾನ ತೋರಿದಾಗ ಅವರು ನಕ್ಕರು: “ಮೀರಜಿನಲ್ಲಿ ಸಾವಿರಾರು ಮಂದಿಗೆ ಗಾಡಿ ಬದಲಿಸಿ ಕೊಟ್ಟವ ನಾನು. ನನಗೇ ಹೇಳಿಕೊಡತೀಯೇನಪಾ?”

ಮೀಟರ್ ಗೇಜಿನ ಕಾಲವನ್ನು ಕಂಡ ಹಿರಿಯ ಓದುಗರಿಗೆ ಮೀರಜಿನ ನೆನಪಿರಬೇಕು. ಹುಬ್ಬಳ್ಳಿಯ ಕಡೆಯಿಂದ ಮುಂಬಯಿಗೆ ಹೊರಟವರು ಅಲ್ಲಿ ಇಳಿದು ಬ್ರಾಡ್ ಗೇಜಿನ ಗಾಡಿ ಹತ್ತಬೇಕಾಗಿತ್ತು. ಆದರೆ ಅದು ಒಂದೇ ನಿಲ್ದಾಣ. ಕೂಲಿಯವನು ತಲೆಯ ಮೇಲೆ ಗಂಟು ಹೊತ್ತು ಮುಂದೆ ನಡೆದರೆ ನಾವು ಹಿಂದೆ ನಡೆದರಾಯಿತು. ನಮ್ಮ ಗಾಡಿ ತಡವಾದರೆ ಆ ಗಾಡಿ ಕೊಂಚ ಕಾಯುವುದೂ ಉಂಟಾಗಿತ್ತು. ಪ್ಯಾರಿಸ್ಸಿನಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಹೊರಟ ಯೂರೋಸ್ಟಾರ್ ಗಾಡಿ ಪ್ಯಾರಿಸ್ಸಿನ ಉತ್ತರ ಭಾಗದ ಗಾರ್ ದ್ಯು ನೋರ್ ಎಂಬ ನಿಲ್ದಾಣದಲ್ಲಿ ನಿಲ್ಲುತ್ತದೆ. ಜ್ಯೂರಿಕ್ ಗಾಡಿ ಹೊರಡುವುದು ಊರಿನ ಇನ್ನೊಂದು ದಿಕ್ಕಿನ ಗಾರ್ ದ ಲಿಯೋಂ ನಿಲ್ದಾಣದಿಂದ. ನಡುವೆ ಒಂದು ಮಹಾನಗರವೇ ಇದೆ.

ಇದೇಕೆ ಹೀಗೆ ಎಂದು ಕೇಳುವವರು ಮುಂಬಯಿಯನ್ನು ನೆನೆದುಕೊಳ್ಳಬಹುದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಗಾಡಿಗಳು ವಿಕ್ಟೋರಿಯಾ ಟರ್ಮಿನಸ್ಸಿಗೆ ಬಂದವು; ಬಾಂಬೆ–ಬರೋಡಾ ಕಂಪನಿಯ ಗಾಡಿಗಳು ಮುಂಬಯಿ ಸೆಂಟ್ರಲ್ಲಿಗೆ ಬಂದವು. ಫ್ರಾನ್ಸಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಬೇರೆ ಕಂಪನಿಗಳು ಒಂದೊಂದು ದಿಕ್ಕಿಗೆ ಹಳಿ ಹಾಕಿ, ಪ್ಯಾರಿಸ್ಸಿನಲ್ಲಿ ತಮ್ಮದೇ ಆದ ನಿಲ್ದಾಣವನ್ನು ಕಟ್ಟಿಕೊಂಡವು. 1938ರಲ್ಲಿ ರೈಲುಗಳೆಲ್ಲ ಒಂದೇ ರಾಷ್ಟ್ರೀಯ ಸಂಸ್ಥೆಯ ಕೆಳಗೆ ಬಂದರೂ ನಿಲ್ದಾಣಗಳು ಇದ್ದಲ್ಲಿಯೇ ಉಳಿದವು. ಆ ಹಳೆಯ ಕಂಪನಿಗಳ ಗಡಿಯನ್ನು ಇಂದಿಗೂ ಪ್ರಯಾಣಿಕನೇ ಪೆಟ್ಟಿಗೆ ಹಿಡಿದು ದಾಟಬೇಕು.

ಇಷ್ಟನ್ನು ನಾನು ಪುಸ್ತಕ ನೋಡಿ ಬರೆಯುತ್ತಿಲ್ಲ. 2018ರಲ್ಲಿ ನಾನೂ ನನ್ನ ಮನೆಯವರೂ ಇದೇ ಹಾದಿಯಲ್ಲಿ ಹೋದೆವು. ನಾನು ಇರಿಸಿಕೊಂಡಿದ್ದುದು ಒಂದು ಗಂಟೆ ಐದು ನಿಮಿಷ. ನಮ್ಮ ಗಾಡಿ ಸರಿಯಾದ ಹೊತ್ತಿಗೆ ಮುಟ್ಟಿತು. ಆದ್ದರಿಂದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಗಾಡಿಯ ಉದ್ದ ಸುಮಾರು 400 ಮೀಟರ್; ನಾವಿದ್ದುದು ಕೊನೆಯ ಕಡೆಯ ಡಬ್ಬಿಯಲ್ಲಿ. ಅಲ್ಲಿಂದ ನಡೆದು ಹೊರಬರುವುದರೊಳಗೆ ಹತ್ತು ನಿಮಿಷ ಸಂದಿತು. ನೆಲದಡಿಯ ಊರೊಳಗಿನ ರೈಲಿಗೆ ಟಿಕೆಟ್ ಕೊಳ್ಳಲು ಯಂತ್ರದ ಮುಂದೆ ಸಾಲು. ಈ ರೈಲಿನ ‘ಡಿ’ ಮಾರ್ಗ ನೇರವಾಗಿ ಗಾರ್ ದ ಲಿಯೋಂಗೆ ಹೋಗುತ್ತದೆ. ನಡುವೆ ಒಂದೇ ನಿಲುಗಡೆ. ಆದರೆ ಅದರ ಪ್ಲಾಟ್‌ಫಾರ್ಮ್ ಹುಡುಕಲು ಮೆಟ್ಟಿಲಿಳಿದು, ಮತ್ತೆ ಹತ್ತಿ, ಮತ್ತೆ ಇಳಿದೆವು. ಕೊನೆಗೆ ಗಾರ್ ದ ಲಿಯೋಂ ಮುಟ್ಟಿದಾಗ ಹನ್ನೆರಡು ನಿಮಿಷ ಉಳಿದಿತ್ತು. ಅಲ್ಲಿಯೂ ಒಂದು ತೊಡಕು. ಆ ನಿಲ್ದಾಣದ ಮೊದಲ ಸಭಾಂಗಣದ ಪ್ಲಾಟ್‌ಫಾರ್ಮುಗಳಿಗೆ ಅಕ್ಷರಗಳ ಹೆಸರು, ಎರಡನೆಯ ಸಭಾಂಗಣದವುಗಳಿಗೆ ಅಂಕಿಗಳ ಹೆಸರು. ನಾವು ಅಕ್ಷರಗಳ ನಡುವೆ ನಿಂತು ಅಂಕಿಯನ್ನು ಹುಡುಕುತ್ತಿದ್ದೆವು. ಓಡಿ ಹೋದಾಗ ಗಾಡಿ ಇನ್ನೂ ನಿಂತಿತ್ತು. ಆದರೆ ಅಲ್ಲಿ ಹೊರಡುವ ಎರಡು ನಿಮಿಷ ಮೊದಲೇ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ನಮ್ಮ ಕಣ್ಣೆದುರಿಗೇ ಅದು ಸದ್ದಿಲ್ಲದೆ ಸರಿದು ಹೋಯಿತು.

ನನ್ನ ಮನೆಯವರು ಪೆಟ್ಟಿಗೆಯ ಮೇಲೆ ಕುಳಿತರು. ಒಂದು ಮಾತೂ ಆಡಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು, ಕೈ ನಡುಗುತ್ತಿತ್ತು. ಹೊಸ ಟಿಕೆಟಿಗೆ ತೆತ್ತ ಹಣದ ಲೆಕ್ಕವನ್ನು ಇಲ್ಲಿ ಬರೆಯಲಾರೆ. ಅದನ್ನು ಮರೆತಿದ್ದೇನೆ, ಆ ನಡುಕವನ್ನು ಮರೆತಿಲ್ಲ. ಭಾವನವರಿಗೆ ಈ ಸಂಗತಿಯನ್ನು ಮೊದಲ ಬಾರಿಗೆ ಹೇಳಿದ್ದೂ ಈಗಲೇ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಎಷ್ಟು ಇಡಬೇಕಂತೀ?” ಎಂದರು.

ಹೋಗುವಾಗ ಮೂರು ಗಂಟೆ ಎಂದೆ. ಬರುವಾಗ ನಾಲ್ಕು. ಈ ವ್ಯತ್ಯಾಸಕ್ಕೆ ಕಾರಣವಿದೆ. ಲಂಡನ್ನಿನಲ್ಲಿ ಗಾಡಿ ಹತ್ತುವ ಮೊದಲೇ ಫ್ರಾನ್ಸಿನ ಅಧಿಕಾರಿಗಳು ಪಾಸ್‌ಪೋರ್ಟ್ ಪರೀಕ್ಷಿಸುತ್ತಾರೆ. ಆದುದರಿಂದ ಪ್ಯಾರಿಸ್ಸಿನಲ್ಲಿ ಇಳಿದವರು ನೇರವಾಗಿ ಹೊರನಡೆಯಬಹುದು. ಮರಳುವಾಗ ಈ ಪರೀಕ್ಷೆಗಳೆಲ್ಲ ಗಾರ್ ದ್ಯು ನೋರ್‌ನಲ್ಲಿಯೇ ನಡೆಯಬೇಕು: ಫ್ರಾನ್ಸಿನವರದೊಂದು, ಬ್ರಿಟನ್ನಿನವರದೊಂದು, ಬಳಿಕ ಸಾಮಾನಿನ ತಪಾಸಣೆ. ಗಾಡಿ ಹೊರಡುವ ಅರ್ಧ ಗಂಟೆ ಮೊದಲೇ ಪ್ರವೇಶದ್ವಾರ ಮುಚ್ಚುತ್ತದೆ. ಭಾವನವರ 55 ನಿಮಿಷದಲ್ಲಿ ಈ ಅರ್ಧ ಗಂಟೆಯನ್ನು ಕಳೆದರೆ ಉಳಿಯುವುದು 25 ನಿಮಿಷ. ಅಷ್ಟರಲ್ಲಿ ಊರನ್ನು ದಾಟುವುದು ಅಕ್ಕನವರ ಮೊಣಕಾಲಿಗಿರಲಿ, ನನ್ನ ಮೊಮ್ಮಗನಿಗೂ ಸಾಧ್ಯವಿಲ್ಲ. ಇದಲ್ಲದೆ 2025ರ ಅಕ್ಟೋಬರಿನಿಂದ ಯೂರೋಪಿನ ಹೊರಗಿನವರ ಬೆರಳಚ್ಚು ಮತ್ತು ಮುಖಚಿತ್ರವನ್ನು ಗಡಿಯಲ್ಲಿ ದಾಖಲಿಸುವ ವ್ಯವಸ್ಥೆ ಆರಂಭವಾಗಿದೆ. ಮೊದಲ ಸಲ ಹೋಗುವವರು ಅದಕ್ಕಾಗಿಯೂ ಕೆಲ ಹೊತ್ತು ಕೈಯಲ್ಲಿಟ್ಟುಕೊಳ್ಳಬೇಕು.

ಗಡಿಯಾರದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪ್ಯಾರಿಸ್ ಲಂಡನ್ನಿಗಿಂತ ಒಂದು ಗಂಟೆ ಮುಂದಿದೆ. ವೇಳಾಪಟ್ಟಿಯಲ್ಲಿ ಆಯಾ ಊರಿನ ಹೊತ್ತನ್ನೇ ಅಚ್ಚು ಮಾಡಿರುತ್ತಾರೆ. ಹೀಗಾಗಿ ಸುಮಾರು ಎರಡೂಕಾಲು ಗಂಟೆಯ ಪ್ರಯಾಣ ಹೋಗುವಾಗ ಮೂರೂಕಾಲು ಗಂಟೆಯಂತೆಯೂ ಬರುವಾಗ ಒಂದೂಕಾಲು ಗಂಟೆಯಂತೆಯೂ ಕಾಣುತ್ತದೆ. ಕೈಗಡಿಯಾರವನ್ನು ತಿದ್ದಿಕೊಳ್ಳದವರು ಪ್ಯಾರಿಸ್ಸಿನಲ್ಲಿ ಇನ್ನೂ ಒಂದು ಗಂಟೆ ಇದೆಯೆಂದು ನೆಮ್ಮದಿಯಿಂದ ಕಾಫಿ ಕುಡಿಯುತ್ತ ಕುಳಿತಿರುತ್ತಾರೆ.

ಟಿಕೆಟಿನ ವಿಷಯದಲ್ಲಿ ಬಹುಮಂದಿ ತಿಳಿಯದ ಒಂದು ಸಂಗತಿಯಿದೆ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇದ್ದರೆ ನಡುವೆ ತಪ್ಪಿದ ಗಾಡಿಯ ಹೊಣೆಯನ್ನು ರೈಲಿನವರು ಹೊರಬೇಕಾಗುತ್ತದೆ. ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಅವು ಎರಡು ಬೇರೆ ಒಪ್ಪಂದಗಳು. ಆಗಲೂ ಯೂರೋಪಿನ ಹಲವು ರೈಲು ಸಂಸ್ಥೆಗಳು, ಮೊದಲ ಗಾಡಿ ತಡವಾದ ಕಾರಣ ಎರಡನೆಯದು ತಪ್ಪಿದವರನ್ನು ಮುಂದಿನ ಗಾಡಿಗೆ ಹತ್ತಿಸಿಕೊಳ್ಳಲು ತಮ್ಮತಮ್ಮಲ್ಲಿ ಒಪ್ಪಿಕೊಂಡಿವೆ. ತಡವಾದ ಗಾಡಿಯ ಸಿಬ್ಬಂದಿಯಿಂದ ಹಾಗೆಂದು ಬರೆಸಿಕೊಂಡು ಅದನ್ನು ತೋರಿಸಬೇಕು. ಆದರೆ ಗಾಡಿ ಬದಲಿಸಲು ತಕ್ಕಷ್ಟು ಸಮಯವನ್ನೇ ಇರಿಸದೆ ಹೊರಟವರಿಗೆ ಈ ಸೌಲಭ್ಯ ದೊರೆಯದು. ಇನ್ನೊಂದು ಎಚ್ಚರಿಕೆ: ಎರಡನೆಯ ಗಾಡಿ ದಿನದ ಕೊನೆಯ ಗಾಡಿಯಾಗಿರಬಾರದು. ಅದರ ಹಿಂದೆ ಇನ್ನೊಂದಾದರೂ ಗಾಡಿ ಇರಬೇಕು. ಇಲ್ಲದಿದ್ದರೆ ಭಾಷೆ ಬಾರದ ಊರಿನಲ್ಲಿ ರಾತ್ರಿ ತಂಗಲು ಕೋಣೆ ಹುಡುಕುತ್ತ ತಿರುಗಬೇಕಾದೀತು. ಈ ಕಾರಣಕ್ಕಾಗಿ ಲಂಡನ್ನಿನಿಂದ ಬೆಳಗಿನ ಗಾಡಿಯನ್ನೇ ಹಿಡಿಯುವುದೆಂದು ನಿಶ್ಚಯಿಸಿದ್ದೇವೆ.

ವೀಸಾ ಎರಡು ಬೇಕು. ಬ್ರಿಟನ್ನಿನ ವೀಸಾ ಬ್ರಿಟನ್ನಿಗೆ ಮಾತ್ರ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಎರಡಕ್ಕೂ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ತಂಗುವ ದೇಶದ ಕಡೆಗೇ ಅರ್ಜಿ ಹಾಕಬೇಕಾದ್ದರಿಂದ ಇವರು ಸ್ವಿಟ್ಜರ್ಲೆಂಡಿಗೆ ಹಾಕತಕ್ಕದ್ದು. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ಇದನ್ನೆಲ್ಲ ಊರಿನಲ್ಲಿರುವಾಗಲೇ ಮುಗಿಸಿಕೊಳ್ಳುವುದು ಲೇಸು. ಲಂಡನ್ನಿಗೆ ಹೋದ ಮೇಲೆ ನೋಡಿದರಾಯಿತೆಂದವರು ಅಲ್ಲಿಯೇ ಉಳಿದ ಉದಾಹರಣೆಗಳುಂಟು.

ನಿಲ್ದಾಣದಿಂದ ನಿಲ್ದಾಣಕ್ಕೆ ನೆಲದಡಿಯ ರೈಲು ಬೇಡ, ಟ್ಯಾಕ್ಸಿ ಹಿಡಿಯಿರಿ ಎಂದು ನಾನು ಹಟ ಹಿಡಿದೆ. ಹೊರಗೆ ಸಾಲಾಗಿ ನಿಂತ ಅಧಿಕೃತ ಟ್ಯಾಕ್ಸಿಯನ್ನೇ ಹತ್ತಬೇಕು. ಒಳಗೇ ಬಂದು ಪೆಟ್ಟಿಗೆಗೆ ಕೈ ಹಾಕುವವರ ಹಿಂದೆ ಹೋಗಬಾರದು. ಭಾವನವರಿಗೆ ಇದು ದುಂದುವೆಚ್ಚವೆನಿಸಿತು. ಮೂರು ಗಂಟೆ ಸುಮ್ಮನೆ ಕೂಡುವುದು ಅದಕ್ಕಿಂತ ದೊಡ್ಡ ದಂಡವೆನಿಸಿತು. ಗಾರ್ ದ ಲಿಯೋಂನ ಗಡಿಯಾರ ಗೋಪುರವನ್ನೂ 1900ರ ಪ್ರದರ್ಶನಕ್ಕಾಗಿ ಕಟ್ಟಿದ ಆ ಕಟ್ಟಡವನ್ನೂ ನೋಡುತ್ತ ಕುಳಿತರೆ ರೈಲ್ವೆಯವರಿಗೆ ಹೊತ್ತು ಹೋದುದೇ ತಿಳಿಯದು ಎಂದ ಮೇಲೆ ತುಸು ಮೆತ್ತಗಾದರು. ಸಮುದ್ರದ ಕೆಳಗೆ ಏನು ಕಂಡೀತು ಎಂದು ಕೇಳಿದರು. ಏನೂ ಕಾಣದು. 1994ರಲ್ಲಿ ತೆರೆದ ಆ ಸುರಂಗ 50 ಕಿಲೋಮೀಟರ್ ಉದ್ದವಿದೆ. ಅದರಲ್ಲಿ 38 ಕಿಲೋಮೀಟರ್ ಕಡಲಿನ ಕೆಳಗಿದೆ. ಇಪ್ಪತ್ತು ನಿಮಿಷ ಕಿಟಕಿಯಲ್ಲಿ ಕತ್ತಲೆ, ಅಷ್ಟೇ. “ಇರಲಿ, ಕತ್ತಲೀನ ನೋಡತೀನಿ” ಎಂದರು. ಮರುದಿನ ಹೊಸ ವೇಳಾಪಟ್ಟಿ ಬಂದಿತು. ಹೋಗುವಾಗ ಮೂರು ಗಂಟೆ, ಬರುವಾಗ ನಾಲ್ಕು. ಕೆಳಗೆ ಕೆಂಪು ಪೆನ್ಸಿಲಿನ ಗೆರೆ.

ಬುತ್ತಿಯ ವಿಚಾರ ಅಕ್ಕನವರದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಲು ಅಡ್ಡಿಯಿಲ್ಲ. ಆದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ, 2021ರಿಂದ, ಅಲ್ಲಿಂದ ಫ್ರಾನ್ಸಿಗೆ ಹೋಗುವ ಪ್ರಯಾಣಿಕರು ಮಾಂಸವನ್ನಾಗಲಿ ಹಾಲಿನ ಪದಾರ್ಥಗಳನ್ನಾಗಲಿ ಒಯ್ಯುವಂತಿಲ್ಲ. ಮೊದಲನೆಯದು ನಮಗೆ ಸಂಬಂಧಿಸಿದ್ದಲ್ಲ. ಎರಡನೆಯದು ಮೊಸರು, ತುಪ್ಪ, ಬೆಣ್ಣೆ ಎಲ್ಲವನ್ನೂ ಒಳಗೊಂಡಿದೆ. ಹಣ್ಣುಗಳಲ್ಲಿ ಬಾಳೆ, ಅನಾನಸು, ಖರ್ಜೂರ, ತೆಂಗಿನಕಾಯಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿಯಿದೆ. ಇದನ್ನೆಲ್ಲ ಅಕ್ಕನವರು ಸಾವಧಾನದಿಂದ ಕೇಳಿಕೊಂಡರು. ಬಳಿಕ, ಮೊಮ್ಮಕ್ಕಳಿಗಾಗಿ ಜ್ಯೂರಿಕ್‌ಗೆ ಒಯ್ಯಲು ಎರಡು ಕಿಲೋ ಧಾರವಾಡದ ಪೇಡೆಯನ್ನು ಹೇಳಿಟ್ಟಿರುವುದಾಗಿಯೂ, ಪೇಡೆ ಹಾಲಿನ ಪದಾರ್ಥ ಹೇಗಾಗುತ್ತದೆಂದೂ ಕೇಳಿದರು.