ಪಿಚ್ ಸ್ಪರ್ಧೆಗೆ ಹೆಸರು ಕೊಡುವವರಿಗೆ

ಸೆಮಿಸ್ಟರ್ ಅರ್ಧ ದಾಟುವ ಹೊತ್ತಿಗೆ ನಮ್ಮ ಎಂಜಿನಿಯರಿಂಗ್ ಮತ್ತು ವಾಣಿಜ್ಯ ಕಾಲೇಜುಗಳ ಸೂಚನಾಫಲಕಗಳ ಮೇಲೆ ಉದ್ಯಮ ಪ್ರಸ್ತಾವ ಸ್ಪರ್ಧೆಗಳ ಆಹ್ವಾನಗಳು ಕಾಣಿಸಿಕೊಳ್ಳುತ್ತವೆ. ವಿದ್ಯಾರ್ಥಿಗಳು ಇವನ್ನು ಪಿಚ್ ಕಾಂಪಿಟಿಷನ್ ಎಂದು ಕರೆಯುತ್ತಾರೆ. ಮೂವರೋ ನಾಲ್ವರೋ ಕೂಡಿ ಒಂದು ಟೀಮ್ ಕಟ್ಟಿಕೊಂಡು, ತಮಗೆ ಹೊಳೆದ ಐಡಿಯಾವನ್ನು ಹತ್ತು ಹನ್ನೆರಡು ಸ್ಲೈಡುಗಳಲ್ಲಿ ಅಡಕಗೊಳಿಸಿ, ಐದು ನಿಮಿಷ ಅದನ್ನು ವಿವರಿಸಿ, ಮತ್ತೈದು ನಿಮಿಷ ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರ ಹೇಳಿ ವೇದಿಕೆಯಿಂದ ಇಳಿಯುವುದು ಇದರ ಸಾಮಾನ್ಯ ಕ್ರಮ. ಇಷ್ಟು ಅಲ್ಪಕಾಲದ ಪ್ರದರ್ಶನಕ್ಕಾಗಿ ವಾರಗಟ್ಟಲೆ ನಿದ್ದೆಗೆಟ್ಟು, ಪಾಠಗಳನ್ನು ಹಿಂದೆ ಬಿಟ್ಟು ಓಡಾಡುವ ಮಕ್ಕಳನ್ನು ಕಂಡು ಕಳವಳಪಡುವ ತಂದೆತಾಯಿಗಳು ಅನೇಕರು. ಅವರ ಕಳವಳ ನಿರಾಧಾರವಾದುದೆಂದು ನಾನು ಹೇಳಲಾರೆ. ಆದರೂ, ಅವಕಾಶವುಳ್ಳ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕಾಲೇಜು ಜೀವನದಲ್ಲಿ ಒಮ್ಮೆಯಾದರೂ ಇಂಥ ಸ್ಪರ್ಧೆಗೆ ಹೆಸರು ಕೊಡಬೇಕೆಂಬುದೇ ನನ್ನ ದೃಢವಾದ ಅಭಿಪ್ರಾಯ. ತನಗೆ ಯಾವ ವಿಧದಿಂದಲೂ ಸಂಬಂಧಪಡದ ಒಬ್ಬ ಮನುಷ್ಯನ ಬಳಿಗೆ ಹೋಗಿ, ಅವನ ಕೆಲಸದ ಕಷ್ಟವನ್ನು ಅವನ ಬಾಯಿಂದಲೇ ಕೇಳಿ, ಅದಕ್ಕೆ ತಾನು ಸೂಚಿಸುವ ಪರಿಹಾರಕ್ಕಾಗಿ ಅವನು ತನ್ನ ಜೇಬಿನಿಂದ ಹಣ ಕೊಡುವನೆ ಎಂದು ವಿಚಾರಿಸುವ ಸಂದರ್ಭವನ್ನು ನಮ್ಮ ನಾಲ್ಕು ವರ್ಷಗಳ ಪಠ್ಯಕ್ರಮ ಒದಗಿಸುವುದು ತೀರ ವಿರಳ. ಶ್ರದ್ಧೆಯಿಂದ ತೊಡಗಿದವನಿಗೆ ಈ ಸ್ಪರ್ಧೆ ಅದನ್ನು ಒದಗಿಸಿಕೊಡುತ್ತದೆ.

ಇದರ ಇತಿಹಾಸ ದೀರ್ಘವಾದುದೇನಲ್ಲ. ಅಮೆರಿಕದ ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ, ಕಾನೂನು ವಿದ್ಯಾರ್ಥಿಗಳು ಅಣಕು ನ್ಯಾಯಾಲಯದಲ್ಲಿ ವಾದಿಸಿ ಪಳಗುವಂತೆಯೇ ವ್ಯಾಪಾರ ಶಾಸ್ತ್ರದ ವಿದ್ಯಾರ್ಥಿಗಳೂ ಪಳಗಲೆಂದು, 1984ರಲ್ಲಿ ಮೂಟ್ ಕಾರ್ಪ್ ಎಂಬ ಸ್ಪರ್ಧೆ ಪ್ರಾರಂಭವಾಯಿತು. 1990ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆ, ಅಂದರೆ ಎಂಐಟಿ, ಹತ್ತು ಸಾವಿರ ಡಾಲರುಗಳ ಬಹುಮಾನದೊಡನೆ ತನ್ನ ಸ್ಪರ್ಧೆಯನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಮುಂಬಯಿಯ ಐಐಟಿಯ ‘ಯುರೇಕಾ’ ಈ ಬಗೆಯ ಹಳೆಯ ಸ್ಪರ್ಧೆಗಳಲ್ಲೊಂದು. ಕರ್ನಾಟಕ ಸರಕಾರ 2015ರಲ್ಲಿ ಸ್ಟಾರ್ಟಪ್ ನೀತಿಯನ್ನು ಪ್ರಕಟಿಸಿ, ನ್ಯೂ ಏಜ್ ಇನ್‌ಕ್ಯುಬೇಶನ್ ನೆಟ್‌ವರ್ಕ್ ಎಂಬ ವ್ಯವಸ್ಥೆಯ ಮೂಲಕ ಬೆಂಗಳೂರಿನ ಹೊರಗಣ ಕಾಲೇಜುಗಳ ವಿದ್ಯಾರ್ಥಿ ಯೋಜನೆಗಳಿಗೂ ಒಂದೊಂದಕ್ಕೆ 3 ಲಕ್ಷ ರೂಪಾಯಿಯವರೆಗೆ ನೆರವು ಕೊಡುವ ಮಾರ್ಗವನ್ನು ತೆರೆಯಿತು. ಹೀಗೆ ಹಣವೂ ಇದೆ, ವೇದಿಕೆಯೂ ಇದೆ. ಆ ವೇದಿಕೆಯನ್ನೇರುವ ಮುನ್ನ ಸಂಪಾದಿಸಿಕೊಳ್ಳಬೇಕಾದ ತಿಳಿವಳಿಕೆಯ ವಿಷಯದಲ್ಲಿ ಮಾತ್ರ ನಮ್ಮ ಕಾಲೇಜುಗಳು ಇನ್ನೂ ತಕ್ಕಷ್ಟು ಗಮನ ಕೊಟ್ಟಿಲ್ಲ.

ಒಂದು ನಿದರ್ಶನವನ್ನು ಭಾವಿಸಿಕೊಂಡು ನೋಡೋಣ. ಹುಬ್ಬಳ್ಳಿಯದೋ ಹಾವೇರಿಯದೋ ಒಂದು ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಬ್ಯಾಡಗಿ ಮೆಣಸಿನಕಾಯಿಯನ್ನು ಒಣಗಿಸುವ ಸೌರಯಂತ್ರವೊಂದನ್ನು ಕಲ್ಪಿಸುತ್ತಾರೆ. ಖಾರ ಕಡಿಮೆಯಾಗಿ ಬಣ್ಣ ಗಾಢವಾಗಿರುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅಡಿಗೆಗೆ ಮಾತ್ರವಲ್ಲದೆ, ಅದರಿಂದ ತೆಗೆಯುವ ಕೆಂಪು ಸತ್ವಕ್ಕಾಗಿಯೂ ಅದಕ್ಕೆ ಬೇಡಿಕೆಯುಂಟು. ಬಣ್ಣದ ಮೇಲೆಯೇ ಬೆಲೆ ಬಹುಮಟ್ಟಿಗೆ ನಿಂತಿರುವುದರಿಂದ, ಕಣದಲ್ಲಿ ಹರವಿದ ಕಾಯಿ ಅಕಾಲದ ಮಳೆಗೆ ಸಿಕ್ಕಿ ಕಪ್ಪಾದರೆ ರೈತನಿಗೆ ನಷ್ಟವೆಂಬುದೂ ಸತ್ಯ. ಇಷ್ಟನ್ನು ಪುಸ್ತಕದಿಂದಲೋ ಮೊಬೈಲಿನಿಂದಲೋ ತಿಳಿದುಕೊಂಡ ವಿದ್ಯಾರ್ಥಿ ಒಣಗಿಸುವುದೇ ದೊಡ್ಡ ಸಮಸ್ಯೆಯೆಂದು ನಿಶ್ಚಯಿಸಿ ಸ್ಲೈಡು ಬರೆದುಬಿಡುವನು. ಆದರೆ ಅವನು ಫಸಲಿನ ಕಾಲದಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ, ದಲಾಲಿ ಅಂಗಡಿಯ ಮುಂದೆ ರಾಶಿ ಹಾಕಿಕೊಂಡು ಟೆಂಡರಿನ ದರ ತೆರೆಯುವುದನ್ನೇ ಕಾಯುತ್ತ ಕುಳಿತ ಹಿರಿಯರೊಬ್ಬರನ್ನು, “ಯಜಮಾನ್ರ, ಇದನ್ನ ಒಣಗಸಾಕ ಭಾಳ ತ್ರಾಸ ಆಕ್ಕೈತೇನ್ರಿ?” ಎಂದು ಕೇಳಿದನೆಂದಿಟ್ಟುಕೊಳ್ಳಿ. “ಒಣಗಸೂದೇನ್ ದೊಡ್ಡ ತ್ರಾಸ ಅಲ್ಲ ತಮ್ಮಾ, ರೇಟ್ ಸಿಗೂದ ತ್ರಾಸ ಐತಿ” ಎಂಬ ಉತ್ತರ ಬಂದರೆ ಅವನ ಮೊದಲನೆಯ ಸ್ಲೈಡು ಅಲ್ಲಿಯೇ ಬಿದ್ದುಹೋಗುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ದರ ಒಮ್ಮೆಗೇ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚುವಷ್ಟಕ್ಕೆ ಹೋಯಿತೆಂಬುದನ್ನು ನೆನೆದರೆ, ಆ ಹಿರಿಯರ ಮಾತಿನ ಹಿಂದಿರುವ ಭಾರ ಎಷ್ಟೆಂಬುದು ಅರ್ಥವಾದೀತು. ಆಗ ವಿದ್ಯಾರ್ಥಿ ತನ್ನ ಯಂತ್ರವನ್ನು ಕೈಬಿಡಬೇಕೆಂದಲ್ಲ. ಸಮನಾಗಿ ಒಣಗಿದ ಕಾಯಿಗೆ ಖರೀದಿದಾರ ಎಷ್ಟು ಹೆಚ್ಚು ಕೊಡುವನು, ಶೀತಲಗೃಹದಲ್ಲಿ ಅದು ಎಷ್ಟು ಕಾಲ ಬಣ್ಣಗೆಡದೆ ನಿಲ್ಲುವುದು, ರೈತನು ಒತ್ತಾಯದ ಮಾರಾಟದಿಂದ ತಪ್ಪಿಸಿಕೊಳ್ಳುವುದಕ್ಕೆ ಅದು ಎಷ್ಟು ಸಹಾಯಕವಾದೀತು ಎಂಬ ಬೇರೆಯ ಪ್ರಶ್ನೆಗಳು ಅವನಲ್ಲಿ ಹುಟ್ಟಬೇಕು.

ಆ ಮೇಲೆ ಲೆಕ್ಕ. ಯಂತ್ರದ ಬೆಲೆ 2 ಲಕ್ಷ ರೂಪಾಯಿ, ಬಾಳಿಕೆ ಐದು ವರ್ಷವೆಂದು ಹಿಡಿದರೆ ವರ್ಷಕ್ಕೆ 40,000 ರೂಪಾಯಿ ಆಯಿತು. ಫಸಲಿನ ಕಾಲ 90 ದಿನ. ಒಂದು ಸಲ ತುಂಬಿದ ಕಾಯಿ ಒಣಗಲು 3 ದಿನ. ಸಲಕ್ಕೆ 4 ಕ್ವಿಂಟಲ್ ಎಂದರೆ ಇಡೀ ಕಾಲಕ್ಕೆ 120 ಕ್ವಿಂಟಲ್. ಯಂತ್ರದ ಬಾಬಿನಲ್ಲಿಯೇ ಕ್ವಿಂಟಲಿಗೆ 333 ರೂಪಾಯಿ ಬೀಳುತ್ತದೆ. ಆಳಿನ ಕೂಲಿ, ಸಾಗಾಟ, ರಿಪೇರಿ ಬೇರೆ. ಕಣದ ಬಿಸಿಲು ರೈತನಿಗೆ ಪುಕ್ಕಟೆ. ಆ ಪುಕ್ಕಟೆಯ ಬಿಸಿಲನ್ನು ಬಿಟ್ಟು ಅವನು ಈ ಯಂತ್ರಕ್ಕೆ ಬರಬೇಕಾದರೆ ಅವನ ಲಾಭ ಇದಕ್ಕಿಂತ ಗಣನೀಯವಾಗಿ ಹೆಚ್ಚಿರಬೇಕಷ್ಟೆ. ಉಳಿದ ಒಂಬತ್ತು ತಿಂಗಳು ಯಂತ್ರದಲ್ಲಿ ಏನನ್ನು ಒಣಗಿಸುವಿರಿ ಎಂದು ತೀರ್ಪುಗಾರರು ಕೇಳಿಯೇ ಕೇಳುತ್ತಾರೆ. ಇವು ಉದಾಹರಣೆಗಾಗಿ ನಾನು ಊಹಿಸಿದ ಅಂಕಿಗಳು. ಆದರೆ ಯಾವ ಪ್ರಸ್ತಾವವಾದರೂ ಈ ಬಗೆಯ ಅತಿ ಸರಳವಾದ ಭಾಗಾಕಾರದ ಮುಂದೆ ಒಮ್ಮೆ ನಿಲ್ಲಲೇಬೇಕು. ಭಾರತದ ಮಸಾಲೆ ಮಾರುಕಟ್ಟೆ ಇಷ್ಟು ಸಾವಿರ ಕೋಟಿಯದು, ಅದರಲ್ಲಿ ಶೇಕಡಾ ಒಂದು ನಮಗೆ ದೊರೆತರೆ ಸಾಕು ಎಂದು ಬರೆಯುವ ಸ್ಲೈಡನ್ನು ನಾನು ಎಲ್ಲ ವಿದ್ಯಾರ್ಥಿಗಳಿಂದಲೂ ಬಿಡಿಸಲು ಬಯಸುತ್ತೇನೆ. ಆ ಶೇಕಡಾ ಒಂದರಲ್ಲಿ ಹೆಸರುಳ್ಳ, ಊರುಳ್ಳ, ಸಾಲವುಳ್ಳ ಒಬ್ಬ ಮನುಷ್ಯನೂ ಕಾಣುವುದಿಲ್ಲ.

ಜನರ ಬಾಗಿಲಿಗೆ ಹೋಗಿ ತಿಳಿದುಕೊಳ್ಳುವ ಈ ಕ್ರಮ ನಮ್ಮ ನಾಡಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಇವರು, ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗಬೇಕೆಂದು, 8,000 ರೂಪಾಯಿಗಳ ಬಂಡವಾಳದಿಂದ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಪ್ರಸಿದ್ಧವಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದುದು ಅದೇ. ದಿನಗೂಲಿಯ ಸಂಪಾದನೆಯುಳ್ಳವನಿಗೆ ತಿಂಗಳಿಗೊಮ್ಮೆ ದೊಡ್ಡ ಮೊತ್ತವನ್ನು ಬ್ಯಾಂಕಿಗೆ ಕೊಂಡೊಯ್ದು ಕಟ್ಟುವುದು ಅಸಾಧ್ಯವೆಂಬುದನ್ನು ಅವರು ಕಂಡುಕೊಂಡರು. ಸಂಜೆಯ ಹೊತ್ತಿಗೆ ಅವನ ಕೈಯಲ್ಲಿ ಉಳಿಯುವ ಎರಡಾಣೆಯನ್ನು ಬ್ಯಾಂಕಿನ ಏಜೆಂಟನೇ ಮನೆಯ ಬಾಗಿಲಿಗೆ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿ ಯೋಜನೆ 1928ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ಯಂತ್ರವಿಲ್ಲ, ಆವಿಷ್ಕಾರವೆಂದು ಬೆರಗುಗೊಳಿಸುವ ಯಾವ ಅಂಶವೂ ಇಲ್ಲ. ಕೂಲಿಯವನ ಕೈಗೆ ಹಣ ಯಾವ ಹೊತ್ತಿಗೆ ಬರುವುದು, ಯಾವ ಹೊತ್ತಿಗೆ ಕರಗುವುದು ಎಂಬುದರ ಖಚಿತವಾದ ಅರಿವು ಮಾತ್ರ ಇದೆ. ಕರಾವಳಿಯ ಅಸಂಖ್ಯಾತ ಸಂಸಾರಗಳ ಮದುವೆಗಳೂ ಮಕ್ಕಳ ವಿದ್ಯಾಭ್ಯಾಸವೂ ಆ ಅರಿವಿನ ಆಸರೆಯಿಂದ ನಡೆದವು.

ಈ ದೃಷ್ಟಿಯಿಂದ ನೋಡಿದಾಗ ನಮ್ಮ ಸ್ಪರ್ಧೆಗಳಲ್ಲಿ ಒಂದು ಅನ್ಯಾಯ ಎದ್ದು ಕಾಣುತ್ತದೆ. ಗದಗದ ಹತ್ತಿರದ ಹಳ್ಳಿಯಿಂದ ಬಂದ ಹುಡುಗಿಗೆ ಮೆಣಸಿನಕಾಯಿಯ ಬಿತ್ತನೆಯಿಂದ ಹಿಡಿದು ದಲಾಲಿಯ ಪಟ್ಟಿಯವರೆಗಿನ ವಿಷಯವೆಲ್ಲ ಕರತಲಾಮಲಕವಾಗಿರುತ್ತದೆ. ಅವಳ ತಂದೆ ಕಣದಲ್ಲಿ ರಾತ್ರಿ ಕಾವಲು ಮಲಗಿದ್ದನ್ನು ಅವಳು ಕಂಡಿದ್ದಾಳೆ. ಆದರೆ ಸ್ಪರ್ಧೆ ಇಂಗ್ಲಿಷಿನಲ್ಲಿ. ನಗರದ ಶಾಲೆಯಲ್ಲಿ ಓದಿ, ನಿರರ್ಗಳವಾಗಿ ಮಾತನಾಡಬಲ್ಲ ಸಹಪಾಠಿ ವೇದಿಕೆಯ ಮುಂಭಾಗದಲ್ಲಿ ನಿಲ್ಲುತ್ತಾನೆ, ಇವಳು ಸ್ಲೈಡು ತಿರುಗಿಸುತ್ತಾಳೆ. ತೀರ್ಪುಗಾರರ ಪ್ರಶ್ನೆಗೆ ನಿಜವಾದ ಉತ್ತರ ತಿಳಿದಿರುವುದು ಅವಳಿಗೆ, ಉತ್ತರಿಸುವವನು ಅವನು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಪಾಠ ಹೇಳುವುದಕ್ಕೆ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇ 2021ರಲ್ಲಿಯೇ ಅನುಮತಿ ಕೊಟ್ಟಿದೆ. ಪಾಠವನ್ನೇ ಕನ್ನಡದಲ್ಲಿ ಹೇಳಬಹುದಾದರೆ, ಹಾವೇರಿಯ ರೈತನಿಗೆ ಮಾರಬೇಕಾದ ವಸ್ತುವಿನ ವಿಷಯವನ್ನು ಐದು ನಿಮಿಷ ಕನ್ನಡದಲ್ಲಿ ಹೇಳಬಾರದೆಂಬುದಕ್ಕೆ ಆಧಾರವೇನು? ಆ ಸರಕನ್ನು ಕೊಳ್ಳುವವನೊಡನೆ ನಾಳೆ ಮಾತನಾಡಬೇಕಾದುದು ಕನ್ನಡದಲ್ಲಿಯೇ ಅಲ್ಲವೆ? ಹೊರನಾಡಿನ ಹೂಡಿಕೆದಾರರ ಮುಂದೆ ಇಂಗ್ಲಿಷ್ ಬೇಕಾಗುವುದು ನಿಜ. ಅದನ್ನು ಕಲಿಯಲು ಕಾಲವಿದೆ, ಕಲಿಸಲು ಕಾಲೇಜಿದೆ. ಮೊದಲ ಹೆಜ್ಜೆಯಲ್ಲಿಯೇ ಬಲ್ಲವರನ್ನು ಮೂಕರನ್ನಾಗಿಸುವುದು ನಾಡಿಗೇ ನಷ್ಟ.

ಇನ್ನೆರಡು ವ್ಯಾವಹಾರಿಕ ಸೂಚನೆಗಳನ್ನು ವಿದ್ಯಾರ್ಥಿಗಳು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ನಿಮ್ಮ ಸಾಧನದಲ್ಲಿ ನಿಜವಾಗಿಯೂ ಹೊಸತಾದ ರಚನೆಯಿದ್ದರೆ, ಬಹಿರಂಗವಾದ ವೇದಿಕೆಯಲ್ಲಿ ಅದನ್ನು ಬಿಡಿಸಿ ತೋರಿಸಿದ ಬಳಿಕ ಪೇಟೆಂಟ್ ಪಡೆಯುವುದು ಕಷ್ಟವಾಗಬಹುದು. ನಮ್ಮ ಕಾನೂನು ಪ್ರದರ್ಶನಗಳಿಗೆ ಕೊಡುವ ವಿನಾಯಿತಿ ಸರಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಸೀಮಿತವಾದುದು, ಕಾಲೇಜಿನ ಸಭಾಂಗಣಕ್ಕೆ ಅದು ಅನ್ವಯಿಸದು. ಸ್ಪರ್ಧೆಗೆ ಮುಂಚೆಯೇ ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಹಾಕಿಕೊಂಡರೆ, ಪೂರ್ಣ ವಿವರಣೆಯನ್ನು ಸಲ್ಲಿಸಲು ಹನ್ನೆರಡು ತಿಂಗಳ ಅವಕಾಶ ದೊರೆಯುತ್ತದೆ. ಎರಡನೆಯದು ಸ್ನೇಹದ ವಿಷಯ. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ನಾಲ್ವರಲ್ಲಿ ಮೂವರಿಗೆ ಆಫರ್ ಲೆಟರ್ ಬಂದ ದಿನ ಟೀಮ್ ಕರಗಿಹೋಗುವುದು ಅಪರೂಪವಲ್ಲ. ಯಾರು ಮುಂದುವರಿಯುವರು, ಹೊರಟವರ ಪಾಲು ಏನು, ಬಹುಮಾನದ ಹಣ ಯಾರ ಖಾತೆಗೆ ಎಂಬುದನ್ನು ಹೆಸರು ಕೊಡುವ ದಿನವೇ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿರಿ. ಅದು ಅವಿಶ್ವಾಸದ ಲಕ್ಷಣವಲ್ಲ. ಸ್ನೇಹವನ್ನು ಹಣದ ವಿವಾದದಿಂದ ಕಾಪಾಡುವ ಉಪಾಯ.

ಸೋತರೆ? ಬಹುಮಂದಿ ಸೋಲುತ್ತಾರೆ. 1995ರ ಸುಮಾರಿಗೆ ವರ್ಲ್ಡ್ ವೈಡ್ ವೆಬ್ಬಿನ ಜನಕನಾದ ಟಿಮ್ ಬರ್ನರ್ಸ್-ಲೀ, ಅಂತರ್ಜಾಲದಲ್ಲಿ ಮುಂದೆ ಒದಗಲಿದ್ದ ದಟ್ಟಣೆಯನ್ನು ಮುಂಗಂಡು, ಅದಕ್ಕೆ ಪರಿಹಾರ ಹುಡುಕಬೇಕೆಂದು ಎಂಐಟಿಯ ಸಹೋದ್ಯೋಗಿಗಳಿಗೆ ಸವಾಲು ಹಾಕಿದನು. ಗಣಿತದ ಪ್ರಾಧ್ಯಾಪಕ ಟಾಮ್ ಲೇಟನ್ ಮತ್ತು ಅವನ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಆ ಪ್ರಶ್ನೆಯನ್ನು ಹಿಡಿದು ಕುಳಿತರು. ಅದರ ಫಲವನ್ನು ಉದ್ಯಮವಾಗಿ ರೂಪಿಸಿ 1998ರಲ್ಲಿ ಎಂಐಟಿಯ ಸ್ಪರ್ಧೆಗೆ ತಂದರು. ಅಂತಿಮ ಸುತ್ತಿಗೆ ಬಂದರೂ ಪ್ರಥಮ ಬಹುಮಾನ ಅವರಿಗೆ ದೊರೆಯಲಿಲ್ಲ. ಅದೇ ವರ್ಷ ಅವರು ಕಟ್ಟಿದ ಅಕಮಾಯ್ ಎಂಬ ಸಂಸ್ಥೆ ಇಂದಿಗೂ ಜಗತ್ತಿನ ಅಂತರ್ಜಾಲ ಸಂಚಾರದ ದೊಡ್ಡ ಭಾಗವನ್ನು ಹೊತ್ತು ನಡೆಸುತ್ತಿದೆ. ಲೆವಿನ್ 2001ರ ಸೆಪ್ಟೆಂಬರ್ 11ರಂದು ಅಪಹೃತವಾದ ವಿಮಾನದಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಮಡಿದನು. ತೀರ್ಪುಗಾರರು ಅಂದು ತಪ್ಪಿದರೆಂದು ನಾನು ಹೇಳುವುದಿಲ್ಲ. ಅವರ ಮುಂದಿದ್ದುದು ಕೆಲವು ನಿಮಿಷಗಳ ಸಾಕ್ಷ್ಯ. ಲೆವಿನ್ ಮತ್ತು ಲೇಟನ್ನರ ಕೈಯಲ್ಲಿದ್ದುದು ಕೆಲವು ವರ್ಷಗಳ ಪರಿಶ್ರಮ. ಬಹುಮಾನ ಕೈತಪ್ಪಿತೆಂದು ಅದರಲ್ಲಿ ಒಂದು ಸಾಲೂ ಅಳಿಸಿಹೋಗಲಿಲ್ಲ.

ಸ್ಪರ್ಧೆಗಳನ್ನು ಏರ್ಪಡಿಸುವ ಪ್ರಾಂಶುಪಾಲರಲ್ಲಿಯೂ ಇ-ಸೆಲ್‌ಗಳ, ಅಂದರೆ ಉದ್ಯಮಶೀಲತಾ ಕೋಶಗಳ, ಅಧ್ಯಾಪಕರಲ್ಲಿಯೂ ನನ್ನದು ಒಂದು ಬೇಡಿಕೆ. ತೀರ್ಪುಗಾರರ ಸಾಲಿನಲ್ಲಿ ಐಟಿ ಕಂಪನಿಯ ಅಧಿಕಾರಿಗಳೂ ಹೂಡಿಕೆದಾರರೂ ಇರಲಿ. ಅವರ ಅನುಭವ ಬೇಕಾದುದೇ. ಅವರ ಪಕ್ಕದಲ್ಲಿ, ಪ್ರಸ್ತಾವ ಯಾರ ಬದುಕಿಗೆ ಸಂಬಂಧಿಸಿದುದೋ ಅವರಲ್ಲಿ ಇಬ್ಬರಿಗೆ ಕುರ್ಚಿ ಹಾಕಿಸಿರಿ: ಮೆಣಸಿನಕಾಯಿಯ ಯಂತ್ರಕ್ಕೆ ಒಬ್ಬ ಬೆಳೆಗಾರ ಮತ್ತು ಒಬ್ಬ ದಲಾಲಿ, ಮಗ್ಗದ ಸಾಧನಕ್ಕೆ ಇಳಕಲ್ಲಿನ ಅಥವಾ ಗುಳೇದಗುಡ್ಡದ ಒಬ್ಬ ನೇಕಾರ, ಆಸ್ಪತ್ರೆಯ ಆ್ಯಪಿಗೆ ಒಬ್ಬ ದಾದಿ ಅಥವಾ ಆಶಾ ಕಾರ್ಯಕರ್ತೆ. ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಬಹುಮಾನದ ನಿಧಿಯಿಂದಲೇ ಅವರಿಗೆ ಮರ್ಯಾದೆಯಿಂದ ಕೊಡಿರಿ, ಪ್ರಶ್ನೋತ್ತರ ಕನ್ನಡದಲ್ಲಿ ನಡೆಯಲಿ, ಅಂಕಗಳಲ್ಲಿ ಅರ್ಧ ಅವರ ಕೈಯಲ್ಲಿರಲಿ. ಈ ನಿಯಮವನ್ನು ಆಹ್ವಾನಪತ್ರದಲ್ಲಿಯೇ ಅಚ್ಚು ಹಾಕಿಸಿದರೆ, ಹೆಸರು ಕೊಟ್ಟ ಮರುದಿನವೇ ವಿದ್ಯಾರ್ಥಿಗಳು ಬ್ಯಾಡಗಿಯ ಬಸ್ಸನ್ನು ವಿಚಾರಿಸತೊಡಗುವರು.