ಗರಸು ಹಾದಿಯೂ ಹಳೆಯ ರಣಭೂಮಿಯೂ

ಮೈಸೂರಿನ ಗೃಹಸ್ಥರಿಗೆ ಶ್ರೀರಂಗಪಟ್ಟಣವು ಅಪರಿಚಿತವಾದ ಸ್ಥಳವಲ್ಲ. ನೆಂಟರು ಬಂದರೆ ಮೋಟಾರಿನಲ್ಲಿ ಅವರನ್ನು ಅಲ್ಲಿಗೆ ಕರೆದೊಯ್ಯುವುದು, ಶ್ರೀರಂಗನಾಥನ ದರ್ಶನ ಮಾಡಿಸುವುದು, ದರಿಯಾ ದೌಲತ್ತಿನ ಭಿತ್ತಿಚಿತ್ರಗಳನ್ನೂ ಗುಂಬಜನ್ನೂ ತೋರಿಸಿ ದೀಪ ಹಚ್ಚುವ ವೇಳೆಗೆ ಮನೆಗೆ ಮರಳುವುದು, ಇದು ವಾಡಿಕೆಯೇ ಆಗಿದೆ. ಇಷ್ಟರಿಂದ ಕಟ್ಟಡಗಳನ್ನು ಕಂಡಂತಾಯಿತೇ ಹೊರತು ರಣಭೂಮಿಯನ್ನು ಕಂಡಂತಾಗಲಿಲ್ಲ. ಯುದ್ಧವೆಂಬುದು ಕಟ್ಟಡಗಳಲ್ಲಿ ನಡೆಯುವುದಕ್ಕಿಂತ ಹೆಚ್ಚಾಗಿ ದಿಬ್ಬ, ಹಳ್ಳ, ಹೊಳೆ, ಹೊಲಗಳಲ್ಲಿ ನಡೆಯತಕ್ಕದ್ದು. ಆ ನೆಲವನ್ನು ಅರಿಯಬೇಕಾದರೆ ಬೈಸಿಕಲ್ಲಿಗಿಂತ ಉತ್ತಮವಾದ ಉಪಾಧ್ಯಾಯನಿಲ್ಲವೆಂದು ನಾವು ಈ ತಿಂಗಳು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ನಗರಕ್ಕೆ ಬೈಸಿಕಲ್ಲು ಹೊಸದಲ್ಲ. 2017ರಲ್ಲಿ ‘ಟ್ರಿನ್ ಟ್ರಿನ್’ ಎಂಬ ಹೆಸರಿನಿಂದ ಸಾರ್ವಜನಿಕ ಬಾಡಿಗೆ ಸೈಕಲ್ಲುಗಳ ಏರ್ಪಾಡು ಇಲ್ಲಿ ಆರಂಭವಾದಾಗ ದೇಶದ ಇತರ ನಗರಗಳು ನಮ್ಮ ಕಡೆ ನೋಡಿದುವು. ಡಾಂಬರಿನ ರಸ್ತೆಯನ್ನು ಬಿಟ್ಟು ಗರಸು ಹಾದಿಗಳಲ್ಲಿ ದೂರ ಸಂಚರಿಸುವ ಅಭ್ಯಾಸವಂತೂ ಈಚಿನ ವರ್ಷಗಳಲ್ಲಿ ದೇಶವಿದೇಶಗಳಲ್ಲಿ ಬಹಳವಾಗಿ ಹರಡಿದೆ. ಇದಕ್ಕೆ ಅಗಲವಾದ ಟೈರುಳ್ಳ ಗಾಡಿ ಒಳ್ಳೆಯದು. ಟೈರಿನಲ್ಲಿ ಗಾಳಿಯು ಡಾಂಬರು ರಸ್ತೆಗೆ ಬೇಕಾಗುವುದಕ್ಕಿಂತ ತುಸು ಕಡಿಮೆಯಿದ್ದರೆ ಚಕ್ರವು ಕಲ್ಲಿನ ಮೇಲೆ ಪುಟಿಯದೆ ನೆಲವನ್ನು ಹಿಡಿದು ಸಾಗುವುದು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಹರಿಯುವ ಚಿಕ್ಕದೇವರಾಜಸಾಗರ, ವಿರಿಜಾ, ಬಂಗಾರದೊಡ್ಡಿ ಮೊದಲಾದ ನಾಲೆಗಳ ಏರಿಗಳೂ, ಗದ್ದೆಗಳಿಂದ ಆಲೆಮನೆಗಳಿಗೆ ಹೋಗುವ ಗಾಡಿಜಾಡುಗಳೂ ಈ ಸಂಚಾರಕ್ಕೆ ಹೇಳಿ ಮಾಡಿಸಿದಂತಿವೆ. ಜಾಲಿಯ ಮುಳ್ಳೊಂದೇ ಶತ್ರು. ಪಂಪನ್ನೂ ತೇಪೆಯನ್ನೂ ಮರೆಯಬಾರದು.

ಇನ್ನು ವಿಷಯಕ್ಕೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯ ಪ್ರತಿಯನ್ನು ನಮ್ಮ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚಿನಲ್ಲಿ ಪ್ರಕಟಿಸಿದರೆಂಬುದು ಲೋಕವಿದಿತ. ಆ ಗ್ರಂಥದಲ್ಲಿ ಸೇನೆಯ ವಿಚಾರ ಬಂದಾಗ ಮೂರು ಪದಗಳು ಮತ್ತೆ ಮತ್ತೆ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ: ವೀವಧ, ಆಸಾರ, ಪ್ರಸಾರ. ವೀವಧವೆಂದರೆ ಹಿಂದಿನಿಂದ ಬರುವ ಧಾನ್ಯಾದಿ ಸಾಮಗ್ರಿ. ಆಸಾರವೆಂದರೆ ಮಿತ್ರರಿಂದ ಒದಗುವ ಬಲ. ಪ್ರಸಾರವೆಂದರೆ ಸುತ್ತಲಿನಿಂದ ಹುಲ್ಲು ಸೌದೆಗಳನ್ನು ತರುವಿಕೆ. ಈ ಮೂರನ್ನು ಕಡಿದರೆ ಶತ್ರುವಿನ ಖಡ್ಗವು ಒರೆಯಲ್ಲಿಯೇ ಉಳಿಯುವುದು. ಶ್ರೀರಂಗಪಟ್ಟಣದ ಸುತ್ತ ಸೈಕಲ್ಲನ್ನು ತುಳಿಯುವವನಿಗೆ ಈ ಪದಗಳ ಅರ್ಥವು ನಿಘಂಟಿನ ನೆರವಿಲ್ಲದೆ ತಾನಾಗಿಯೇ ಹೊಳೆಯುತ್ತದೆ.

ಮೊದಲು ಪಟ್ಟಣದ ಪೂರ್ವಕ್ಕೆ, ಲೋಕಪಾವನಿಯು ಕಾವೇರಿಯನ್ನು ಕೂಡುವ ಕಡೆಗೆ ಹೋಗಬೇಕು. ಅಲ್ಲಿ ಕರಿಘಟ್ಟವಿದೆ. ಸೈಕಲ್ಲನ್ನು ಕೆಳಗೆ ನಿಲ್ಲಿಸಿ ಮೆಟ್ಟಿಲುಗಳನ್ನೇರಿ ಶ್ರೀನಿವಾಸನಿಗೆ ಕೈಮುಗಿದು ತಿರುಗಿ ನೋಡಿದರೆ ದ್ವೀಪ, ಹೊಳೆ, ಗದ್ದೆಬಯಲುಗಳೆಲ್ಲ ಭೂಪಟದಂತೆ ಹರಡಿರುತ್ತವೆ. ಇನ್ನೂ ಪೂರ್ವಕ್ಕೆ ಅರಕೆರೆ. 1791ರ ಮೇ 15ರಂದು ಈ ಪ್ರದೇಶದಲ್ಲಿಯೇ ಲಾರ್ಡ್ ಕಾರ್ನ್‌ವಾಲಿಸನು ಟಿಪ್ಪುಸುಲ್ತಾನನ ಸೇನೆಯನ್ನು ಹಿಮ್ಮೆಟ್ಟಿಸಿದನು. ಗೆದ್ದವನು ಕೋಟೆಗೆ ಮುತ್ತಿಗೆ ಹಾಕಬೇಕಾಗಿತ್ತು. ಆದರೆ ನಡೆದದ್ದೇ ಬೇರೆ. ದಾರಿಯುದ್ದಕ್ಕೂ ಮೇವು ಸುಟ್ಟುಹೋಗಿತ್ತು, ಮಳೆ ಹಿಡಿಯಿತು, ಎತ್ತುಗಳು ಹಸಿವಿನಿಂದಲೂ ರೋಗದಿಂದಲೂ ಗುಂಪುಗುಂಪಾಗಿ ಸತ್ತುವು. ಎಳೆಯುವ ಎತ್ತಿಲ್ಲದ ಮೇಲೆ ಫಿರಂಗಿಯು ಬರಿಯ ಲೋಹದ ಹೊರೆ. ಕೆಲವೇ ದಿನಗಳಲ್ಲಿ ಅವನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಬೆಂಗಳೂರಿನ ಕಡೆ ಹಿಂದಿರುಗಿದನು. ಹಿಂದಿರುಗುವ ಮೊದಲ ದಿನವೇ ಎದುರಿಗೆ ಬಂದ ಕುದುರೆಯ ದಂಡನ್ನು ಶತ್ರುವೆಂದು ಭಾವಿಸಿದರೆ, ಅದು ಮಿತ್ರರಾದ ಮರಾಠರ ಸೇನೆ! ಅವರು ಹತ್ತಿರದಲ್ಲಿಯೇ ಧಾನ್ಯಸಮೇತರಾಗಿ ಬರುತ್ತಿದ್ದರು. ಸುದ್ದಿ ತರುವವರನ್ನು ಟಿಪ್ಪುವಿನ ಲಘು ಅಶ್ವದಳವು ತಡೆದಿತ್ತು. ವೀವಧವು ನಿಂತಿತು, ಪ್ರಸಾರವು ಸುಟ್ಟಿತು, ಆಸಾರವು ಬಂದರೂ ತಿಳಿಯಲಿಲ್ಲ. ರಣದಲ್ಲಿ ಗೆದ್ದವನು ಮೇವಿನಲ್ಲಿ ಸೋತನು. ಮುಂದಿನ ಫೆಬ್ರವರಿಯಲ್ಲಿ ಅವನು ಸಿದ್ಧತೆಯೊಡನೆ ಮತ್ತೆ ಬಂದು, ಅರ್ಧ ರಾಜ್ಯವನ್ನು ಕಿತ್ತುಕೊಂಡ 1792ರ ಸಂಧಿಯನ್ನು ಮಾಡಿಸಿದನೆಂಬುದು ಬೇರೆಯ ಮಾತು.

ಎರಡನೆಯ ಸಂಚಾರಕ್ಕೆ ಇಡೀ ಒಂದು ದಿನ ಬೇಕು. ಮೈಸೂರಿನಿಂದ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ ತಿರುಮಕೂಡಲು ನರಸೀಪುರ, ಅಲ್ಲಿಂದ ಕಾವೇರಿಯಾಚೆ ಸೋಸಲೆ, ಮುಂದೆ ಮಳವಳ್ಳಿ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೇನೆಗೂ ಟಿಪ್ಪುವಿಗೂ ಮಳವಳ್ಳಿಯ ಬಳಿ ಕಾಳಗವಾಯಿತು. ಅಲ್ಲಿಂದ ಪಟ್ಟಣಕ್ಕೆ ನೇರವಾದ ದಾರಿ ಅರಕೆರೆಯ ಮೇಲಿನದು. ಇಂಗ್ಲಿಷರು ಅದನ್ನೇ ಹಿಡಿಯುವರೆಂದು ಎಣಿಸಿ ಸುಲ್ತಾನನು ಆ ಕಡೆಯ ಮೇವನ್ನು ನಾಶಮಾಡಿಸಿದ್ದನು. ಹ್ಯಾರಿಸನು ದಕ್ಷಿಣಕ್ಕೆ ತಿರುಗಿ, ಸೋಸಲೆಯ ಬಳಿ ಹೊಳೆಯನ್ನು ಹಾಯ್ದು, ಹುಲ್ಲು ನೀರು ಸಮೃದ್ಧವಾಗಿದ್ದ ಬಲದಂಡೆಯ ಮೇಲೆ ನಡೆದು ಪಟ್ಟಣದ ಪಶ್ಚಿಮಕ್ಕೆ ಬಂದಿಳಿದನು. ಒಂದು ರಾಜ್ಯದ ಹಣೆಬರಹವು ಈ ತಿರುವಿನಿಂದ ಎಷ್ಟು ಬದಲಾಯಿತೆಂದು ಯೋಚಿಸಿರಿ. ವ್ಯಾಸರಾಜ ಮಠದಿಂದ ಪ್ರಸಿದ್ಧವಾದ ಸೋಸಲೆಯಲ್ಲಿ ಹೊಳೆಯ ದಡದ ಮೇಲೆ ಸೈಕಲ್ಲನ್ನು ಒರಗಿಸಿ ನಿಂತು, ಆ ತಗ್ಗನ್ನೂ ಹಸುರನ್ನೂ ನೋಡಿದಾಗ, ನಾವು ಎಷ್ಟೋ ವರ್ಷ ತರಗತಿಗಳಲ್ಲಿ ಬಾಯಿಪಾಠ ಮಾಡಿಸಿದ ಇಸವಿಗಳಿಗೆ ಜೀವ ಬಂದಂತಾಗುತ್ತದೆ.

ನೀರು ಬರಿಯ ಬಾಯಾರಿಕೆಯ ವಿಷಯವೂ ಅಲ್ಲ. ಏಪ್ರಿಲ್ 5ರ ರಾತ್ರಿ ಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪನ್ನು ಹಿಡಿಯಹೋದ ಕರ್ನಲ್ ವೆಲ್ಲೆಸ್ಲಿಯು, ತೋಪಿನೊಳಗಿನ ಕಾಲುವೆಗಳ ಜಾಲದಲ್ಲಿ ದಾರಿ ತಪ್ಪಿ ಸೋತು ಹಿಮ್ಮೆಟ್ಟಿದನು. ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನನನ್ನು ಸೋಲಿಸಿದ ವೆಲ್ಲಿಂಗ್ಟನ್ ಪ್ರಭು ಇವನೇ. ಮರುದಿನ ಹಗಲು ಬೆಳಕಿನಲ್ಲಿ ತೋಪು ಕೈವಶವಾಯಿತು. ಹಗಲಿನಲ್ಲಿ ನೋಡಿಕೊಳ್ಳದ ನೆಲದ ಮೇಲೆ ರಾತ್ರಿ ಕೈಮಾಡಬಾರದೆಂಬ ಪಾಠವನ್ನು ಅವನು ಇಲ್ಲಿ ಕಲಿತನು. ಅಡಕೆ ತೆಂಗುಗಳ ನೆರಳಿನಲ್ಲಿ ಇಂದಿಗೂ ಅಡ್ಡಾದಿಡ್ಡಿಯಾಗಿ ಹರಿಯುವ ಕಾಲುವೆಗಳನ್ನು ಸೈಕಲ್ಲನ್ನು ಹೆಗಲಿಗೇರಿಸಿ ದಾಟಿದವರಿಗೆ ಆ ರಾತ್ರಿಯ ಗಲಿಬಿಲಿ ಸುಲಭವಾಗಿ ಅರ್ಥವಾಗುವುದು.

ಕೊನೆಗೆ ಕೋಟೆ. ವಾಯವ್ಯ ಮೂಲೆಯಲ್ಲಿ ಗೋಡೆಯನ್ನು ಒಡೆದು, 1799ರ ಮೇ 4ರ ಮಧ್ಯಾಹ್ನ ಲಗ್ಗೆಯಿಟ್ಟರು. ಬೇಸಗೆಯಲ್ಲಿ ಹೊಳೆ ಇಳಿದಿತ್ತು. ಮುಂಗಾರು ಬಂದು ಕಾವೇರಿ ತುಂಬಿದ್ದರೆ ದಾಟುವುದೇ ಅಸಾಧ್ಯವಾಗುತ್ತಿತ್ತು. ಹ್ಯಾರಿಸನ ಪಾಳೆಯದಲ್ಲಿ ಅಕ್ಕಿಯೂ ಮುಗಿಯುತ್ತ ಬಂದಿತ್ತು. ಲಗ್ಗೆಯ ಸ್ಥಳದಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವಿದೆ. ಸುಲ್ತಾನನು ಮಡಿದ ಸ್ಥಳವು ಬೇರೊಂದು ಕಡೆ ಗುರುತಾಗಿದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ ಇಲ್ಲಿಯೇ ತೀರಿಕೊಂಡ ಕರ್ನಲ್ ಬೇಲಿಯ ಹೆಸರಿನ ನೆಲಮಾಳಿಗೆಯೂ ಸಮೀಪದಲ್ಲಿದೆ. ಅದೇ ಯುದ್ಧದಲ್ಲಿ ಸೆರೆಯಾಗಿ ವರ್ಷಗಟ್ಟಲೆ ಇಲ್ಲಿ ಬಂಧನದಲ್ಲಿದ್ದ ಬೇರ್ಡನೇ 1799ರ ಲಗ್ಗೆಯ ಮುಂದಾಳು.

ಟಿಪ್ಪುವಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿಯೇ ಎರಡು ಮತಗಳಿವೆ. ಊಟದ ಎಲೆಯ ಮುಂದೆ ತಂದೆ ಮಕ್ಕಳು ವಾದಿಸುವುದುಂಟು. ಆ ವಾದವನ್ನು ತೀರ್ಮಾನಿಸಲು ನಾವು ಹೊರಟಿಲ್ಲ. ಆದರೆ ಆ ವಾದದಲ್ಲಿ ಎರಡು ಕಡೆಯವರೂ ಮರೆಯುವ ಒಬ್ಬನಿದ್ದಾನೆ. ಸುಟ್ಟುಹೋದ ಹುಲ್ಲುಬಣವೆ ಯಾರದು? ದಂಡಿಗೆ ಹಿಡಿದೊಯ್ದ ಎತ್ತು ಯಾರದು? ಸುಲ್ತಾನನ ಅಪ್ಪಣೆಯಾಗಲಿ ಕಂಪನಿಯ ಅಪ್ಪಣೆಯಾಗಲಿ, ಬರಿದಾದದ್ದು ರೈತನ ಕಣಜ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎನಿಸಿ ಅವನ ಫಿರಂಗಿಗಳನ್ನೆಳೆದುವು. 1799ರ ಬಳಿಕ ಅವೇ ಕಂಪನಿಯ ಫಿರಂಗಿಗಳನ್ನೂ ಎಳೆದುವು. ಎತ್ತಿಗೆ ಪಕ್ಷವಿಲ್ಲ, ನೊಗವಷ್ಟೇ ಉಂಟು. ಗರಸಿನ ದಿಬ್ಬವನ್ನು ಏದುಸಿರುಬಿಡುತ್ತ ಏರುವಾಗ, ಮೋಟಾರಿನಲ್ಲಿ ಕುಳಿತವನಿಗೆ ತಿಳಿಯದ ಈ ಸತ್ಯವು ನಮ್ಮ ಮೊಣಕಾಲಿಗೆ ತಿಳಿಯುತ್ತದೆ.

ಈ ನೆಲವು ಹೀಗೆಯೇ ಉಳಿಯುವುದೆಂದು ನಂಬಿ ಕೂರುವಂತಿಲ್ಲ. 2017ರಲ್ಲಿ ಜೋಡಿ ರೈಲುಮಾರ್ಗಕ್ಕೆ ಅಡ್ಡಲಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು ಕೆಡವದೆ, ಬುಡಸಹಿತ ಎತ್ತಿ ಸುಮಾರು 130 ಮೀಟರು ಆಚೆಗೆ ಸರಿಸಿಟ್ಟರು. ಮೆಚ್ಚತಕ್ಕ ಕೆಲಸ. ಆದರೆ ದಿಬ್ಬವನ್ನು ಸರಿಸಿಡುವುದು ಹೇಗೆ? ಹೊಳೆ ಹಾಯ್ದ ಸ್ಥಳವನ್ನೂ ಹೆಸರಿಲ್ಲದ ತೋಪನ್ನೂ ಯಾವ ಜಾಕಿ ಎತ್ತೀತು? ಫಲಕವಿಲ್ಲದ್ದನ್ನು ಬಡಾವಣೆಯು ಮೊದಲು ನುಂಗುವುದು. ಅದನ್ನು ಕಾಯುವವರು ಅದನ್ನು ಅರಿತವರು ಮಾತ್ರ.

ಆದಕಾರಣ ಗೃಹಸ್ಥರು ಕಾರ್ತಿಕದಿಂದ ಪುಷ್ಯದವರೆಗಿನ ತಂಪಿನಲ್ಲಿ, ಒಂದು ಭಾನುವಾರ ಬೆಳಗಿನ ಜಾವ, ಮಕ್ಕಳೊಡನೆ ಹೊರಡಲಿ. ದಂಡುಗಳು ಆರಿಸಿದ ಬೇಸಗೆ ನಮಗೆ ಬೇಡ. ನೀರಿನ ಬಾಟ್ಲಿಯೂ, ತಲೆಗೆ ಹೆಲ್ಮೆಟ್ಟೂ, ಬುತ್ತಿಯೂ ಇರಲಿ. ಎದುರಿಗೆ ದನ ಬಂದರೆ ಇಳಿದು ನಿಲ್ಲಬೇಕು. ಗದ್ದೆಯ ಬದುವಿನ ಮೇಲೆ ಹೋಗುವ ಮೊದಲು ಒಡೆಯನನ್ನು ಕೇಳಬೇಕು. ಕೋಟೆಯ ಕಲ್ಲಿನ ಮೇಲೆ ಹೆಸರು ಕೆತ್ತಬಾರದು. ನೆರಳಿನಲ್ಲಿ ದಣಿವಾರಿಸಿಕೊಳ್ಳುವಾಗ ಮಕ್ಕಳನ್ನು ‘ಯಾರು ಗೆದ್ದರು?’ ಎಂದು ಕೇಳದಿರಿ. ಅದು ಅವರ ಪುಸ್ತಕದಲ್ಲಿದೆ. ‘ಇಷ್ಟು ಸಾವಿರ ಎತ್ತುಗಳು ಇಲ್ಲಿ ಏನು ತಿಂದಿರಬಹುದು?’ ಎಂದು ಕೇಳಿರಿ. ಉತ್ತರಕ್ಕಾಗಿ ಅವರು ಸುತ್ತಲೂ ನೆಲವನ್ನು ನೋಡುವರು. ನಮಗೆ ಬೇಕಾದದ್ದೂ ಅದೇ.