ಉಸಿರಿನಲ್ಲಿಯೂ ಮೇಲುಕೀಳೇ?



'ಗಾಳಿಗೆ ಬಡವ-ಬಲ್ಲಿದರೆಂಬ ಭೇದವಿಲ್ಲ' ಎಂಬ ಮಾತನ್ನು ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಕಿವಿಗೆ ಇಂಪಾದ ಮಾತು. ಆದರೆ ಅರ್ಧ ಸುಳ್ಳು. ಗಾಳಿಯು ಭೇದವೆಣಿಸದಿರಬಹುದು, ಅದರೊಳಗೆ ಹೊಗೆ ಬೆರೆಸುವ ಮನುಷ್ಯನು ಎಣಿಸಿದ್ದಾನೆ.

ದಾಂಡೇಲಿಯ ಮಗ್ಗುಲಲ್ಲಿ ಕೋಗಿಲಬನವೆಂಬ ಊರಿದೆ. ಹೆಸರಿಟ್ಟವರು ಅಲ್ಲಿ ಕೋಗಿಲೆಯ ದನಿಯನ್ನೇ ಕೇಳಿರಬೇಕು. ಕಾಳೀ ನದಿಯ ನೀರನ್ನೂ ಸುತ್ತಲಿನ ಬಿದಿರನ್ನೂ ನೆಚ್ಚಿ 1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. 1959ರಲ್ಲಿ ಉತ್ಪಾದನೆ ಆರಂಭವಾಯಿತು. ಅಡವಿಯ ನಡುವೆ ಪಟ್ಟಣ ಬೆಳೆದು, 2011ರ ಜನಗಣತಿಯ ವೇಳೆಗೆ ಐವತ್ತು ಸಾವಿರ ಜನಸಂಖ್ಯೆಯನ್ನು ದಾಟಿತು. ದುಡಿಯುವ ಕೈಗಳಿಗೆ ಅನ್ನ ದೊರೆಯಿತೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಕಟ್ಟಿಗೆ-ಬಿದಿರುಗಳನ್ನು ಗಂಧಕಯುಕ್ತ ಕ್ಷಾರದಲ್ಲಿ ಬೇಯಿಸುವಾಗ ಕೊಳೆತ ಮೊಟ್ಟೆಯಂಥ ದುರ್ಗಂಧದ ಅನಿಲಗಳು ಹುಟ್ಟುತ್ತವೆ. ಇದು ಜಗತ್ತಿನ ಕಾಗದದ ಪಟ್ಟಣಗಳೆಲ್ಲ ಬಲ್ಲ ಸಂಗತಿ. ಕಾಗದವು ದೂರದೂರದ ಊರುಗಳಿಗೆ ಹೋಗುತ್ತದೆ. ಕಾಗದವನ್ನೇ ನೆಚ್ಚಿದ ಈ ಪತ್ರಿಕೆಯೂ ಅದರ ಫಲಾನುಭವಿಯೇ. ವಾಸನೆ ಮಾತ್ರ ಕಾರ್ಖಾನೆಯ ನೆರೆಯಲ್ಲಿಯೇ ಉಳಿಯುತ್ತದೆ.

ನಗರ ಬೆಳೆದಂತೆಲ್ಲ ಈ ಅನ್ಯಾಯವೂ ಬೆಳೆಯುತ್ತದೆ. ಬಾಡಿಗೆ ಅಗ್ಗವಾಗಿರುವುದು ಎಲ್ಲಿ? ಹೆದ್ದಾರಿಯ ಅಂಚಿನಲ್ಲಿ, ಕಸದ ರಾಶಿಯ ಮಗ್ಗುಲಲ್ಲಿ, ಕಲ್ಲುಪುಡಿಯ ಯಂತ್ರದ ನೆರೆಯಲ್ಲಿ. ಸ್ಥಿತಿವಂತನು ಕಾರಿನ ಗಾಜನ್ನೇರಿಸಿ ಸಾಗುತ್ತಾನೆ; ಅದೇ ರಸ್ತೆಯನ್ನು ಗುಡಿಸುವ ತಾಯಿ ಆ ಹೊಗೆಯನ್ನು ಸೇವಿಸುತ್ತಾಳೆ. ಮನೆಗೆ ಮರಳಿದರೆ, ಸಿಲಿಂಡರನ್ನು ಮತ್ತೆ ತುಂಬಿಸಲು ಹಣವಿಲ್ಲದೆ, ಸೌದೆಯ ಒಲೆಯ ಹೊಗೆ ಅವಳಿಗಾಗಿ ಕಾದಿರುತ್ತದೆ.

ಸರಕಾರವೇನೂ ಕಣ್ಣು ಮುಚ್ಚಿ ಕುಳಿತಿಲ್ಲ. 1981ರಲ್ಲಿಯೇ ವಾಯುಮಾಲಿನ್ಯ ತಡೆಯ ಕಾಯಿದೆ ಬಂದಿತು. 2019ರ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳು ಸೇರಿದವು. ದಾಂಡೇಲಿಯಂಥ ಸಣ್ಣ ಪಟ್ಟಣಗಳು ಆ ಪಟ್ಟಿಗೆ ಬರಲಿಲ್ಲ. ಅತಿಸೂಕ್ಷ್ಮ ಧೂಳಿನ ವಾರ್ಷಿಕ ಮಿತಿಯನ್ನು ಘನಮೀಟರಿಗೆ 5 ಮೈಕ್ರೋಗ್ರಾಮ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶ 2009ರಲ್ಲಿ ಗೊತ್ತುಪಡಿಸಿದ ಮಿತಿ 40. ಇನ್ನು ಇಡೀ ಊರಿಗೆ ಒಂದೇ ಸರಾಸರಿ ತೆಗೆದು, ಉದ್ಯಾನದ ಬಡಾವಣೆಯನ್ನೂ ಕೂಲಿಕಾರರ ಕೇರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ, ಕೇರಿಯ ಕೆಮ್ಮು ಆ ಅಂಕಿಯಲ್ಲಿ ಕೇಳಿಸೀತೇ?

'ಹೊಗೆಯಿಲ್ಲದೆ ಅನ್ನವಿಲ್ಲ' ಎನ್ನುವವರಿದ್ದಾರೆ. ಹಾಗಾದರೆ ಅವರು ತಮ್ಮ ಮನೆಯನ್ನು ಹೊಗೆ ಬಾರದ ದಿಕ್ಕಿಗೆ ಏಕೆ ಕಟ್ಟಿಸಿದರು? ಕಾಯಕದಿಂದ ಅನ್ನ ಬರಬೇಕು, ನಿಜ. ಆದರೆ ನೆರೆಯವನ ಉಸಿರನ್ನು ಕಸಿದು ಗಳಿಸಿದ್ದು ಕಾಯಕವೆನಿಸದು. ಒಂದು ಕೈಯಿಂದ ಉಸಿರನ್ನು ಕಸಿದು, ಮತ್ತೊಂದು ಕೈಯಿಂದ ಅನ್ನವನ್ನು ಬಡಿಸಿದರೆ ದಾಸೋಹವೂ ಆಗದು.

ಮಠದಲ್ಲಿ ಕಲಿತು ಇಂದು ಉದ್ಯಮಿಗಳೂ ಇಂಜಿನಿಯರರೂ ಅಧಿಕಾರಿಗಳೂ ಆಗಿರುವ ಶಿಷ್ಯರಲ್ಲಿ ನಮ್ಮ ಕೇಳಿಕೆ ಇಷ್ಟೇ: ಹೊಗೆ ಸೋಸುವ ಯಂತ್ರವು ಪರೀಕ್ಷಕರು ಬಂದ ದಿನವಷ್ಟೇ ಅಲ್ಲ, ನಡುರಾತ್ರಿಯಲ್ಲಿಯೂ ನಡೆಯಲಿ. ಗಾಳಿಯನ್ನು ಅಳೆಯುವ ಉಪಕರಣವನ್ನು ಕೂಲಿಕಾರರ ಕೇರಿಯಲ್ಲಿಡಿರಿ. ಅದರ ಅಂಕಿಗಳು ಕನ್ನಡದಲ್ಲಿ ಪಂಚಾಯತಿಯ ಬಾಗಿಲಲ್ಲಿ ತೂಗಲಿ. ಅನ್ಯರಿಗೆ ಬುದ್ಧಿ ಹೇಳುವ ಮುನ್ನ ನಾವೂ ತಿದ್ದಿಕೊಳ್ಳೋಣ. ಜಾತ್ರೆಯಲ್ಲಿ ಮದ್ದು ಸುಡುವುದನ್ನು ಬಿಡೋಣ.

ಕೋಗಿಲಬನಕ್ಕೆ ಆ ಹೆಸರು ಇನ್ನೂ ಒಪ್ಪುವಂತೆ ಉಳಿಸುವುದು ಅಲ್ಲಿಯವರೊಬ್ಬರ ಹೊಣೆಯಲ್ಲ. ಕಾಗದದ ಮೇಲೆ ಬರೆಯುವ, ಓದುವ ನಮ್ಮೆಲ್ಲರ ಋಣವದು.